ತಿರುಗಿ ನೋಡುವ ಬೀದಿ



ಚೀಲದಿಂದ ಕ್ಯಾಮೆರಾ ಹೊರಗೆ ತೆಗೆದರೆ ಕಲಬುರಗಿಯ ಬೀದಿ ಸುಮ್ಮನಿರುವುದಿಲ್ಲ. ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ಮೆಂತೆಪಲ್ಲೆ ಜೋಡಿಸುತ್ತ ಕೂತವರು “ಯಾವ ಪೇಪರ್ರಿ?” ಎಂದು ಕೇಳುತ್ತಾರೆ. ಆಟೋದವರು “ನಮ್ದೂ ಒಂದ್ ಹೊಡಿರಿ ಸರ್” ಎನ್ನುತ್ತಾರೆ. ಹಿರಿಯರಾದರೆ ರುಮಾಲು ಸರಿಮಾಡಿಕೊಂಡು, ಮುಖ ಬಿಗಿದು, ಮದುವೆ ಫೋಟೋಕ್ಕೆ ನಿಂತಂತೆ ನಿಲ್ಲುತ್ತಾರೆ. ಬೀದಿ ಛಾಯಾಗ್ರಹಣದ ಪುಸ್ತಕಗಳನ್ನು ಓದಿಕೊಂಡು ಬಂದ ಹುಡುಗ ಆಗ ಬೇಸರದಿಂದ ಕ್ಯಾಮೆರಾ ಇಳಿಸುತ್ತಾನೆ. ಚಿತ್ರ ಕೆಟ್ಟಿತು, ಅವರು ನನ್ನನ್ನು ನೋಡಿಬಿಟ್ಟರು ಎಂಬುದು ಅವನ ತಕರಾರು.

ಕೆಡಲಿಲ್ಲ ಎನ್ನುವುದು ನನ್ನ ಮಾತು. ಕ್ಯಾಮೆರಾದ ಕಡೆ ನೋಡಿದ್ದರಿಂದ ಯಾವ ಚಿತ್ರವೂ ಸುಳ್ಳಾಗುವುದಿಲ್ಲ. ಚಿತ್ರ ಸುಳ್ಳಾಗುವುದು ತೆಗೆದವನು ತಾನು ಮಾಡಿಸಿದ್ದನ್ನು ಮುಚ್ಚಿಟ್ಟಾಗ. ಇಷ್ಟನ್ನು ಮೊದಲೇ ಹೇಳಿಬಿಟ್ಟು ಉಳಿದ ಹೊತ್ತನ್ನು ಉದಾಹರಣೆಗಳಲ್ಲಿ ಕಳೆಯುತ್ತೇನೆ.

ಕಾಣದಂತೆ ತೆಗೆಯಬೇಕು ಎಂಬ ಪಾಠ ಬಂದದ್ದು ಮುಖ್ಯವಾಗಿ ಪ್ಯಾರಿಸ್ ಮತ್ತು ನ್ಯೂಯಾರ್ಕ್‌ಗಳಿಂದ. ಫ್ರಾನ್ಸಿನ ಆನ್ರಿ ಕಾರ್ತಿಯೆ-ಬ್ರೆಸ್ಸಾನ್ ತನ್ನ ಲೈಕಾ ಕ್ಯಾಮೆರಾದ ಹೊಳೆಯುವ ಭಾಗಗಳಿಗೆ ಕಪ್ಪು ಟೇಪು ಅಂಟಿಸಿಕೊಂಡು ತಿರುಗುತ್ತಿದ್ದ. 1952ರಲ್ಲಿ ಬಂದ ಅವನ ಪುಸ್ತಕ ಈ ಪಂಥಕ್ಕೆ ಧರ್ಮಗ್ರಂಥವಾಯಿತು. ಅದಕ್ಕೂ ಮುಂಚೆ, 1938ರಿಂದ 41ರವರೆಗೆ, ಅಮೆರಿಕದ ವಾಕರ್ ಇವಾನ್ಸ್ ಕೋಟಿನೊಳಗೆ ಕ್ಯಾಮೆರಾ ಅಡಗಿಸಿ ನ್ಯೂಯಾರ್ಕಿನ ನೆಲದಡಿಯ ರೈಲಿನಲ್ಲಿ ಎದುರು ಕೂತವರ ಮುಖಗಳನ್ನು ತೆಗೆದ. ಪುಸ್ತಕವಾಗಿ ಅವು ಹೊರಬಂದದ್ದು 1966ರಲ್ಲಿ, ಕಾಲು ಶತಮಾನ ಕಳೆದ ಮೇಲೆ. ಅಷ್ಟು ವರ್ಷ ಅವನು ಕಾದದ್ದನ್ನೂ ಅವನ ಕಲೆಯ ಲೆಕ್ಕಕ್ಕೇ ಸೇರಿಸಬೇಕು ಎಂದು ನನಗೆ ಅನಿಸುತ್ತದೆ.

ಇದೇ ಪ್ಯಾರಿಸ್ಸಿನಲ್ಲಿ 1950ರಲ್ಲಿ ರೋಬೇರ್ ದ್ವಾನೋ ಒಂದು ಚಿತ್ರ ತೆಗೆದ. ನಗರಸಭೆಯ ಕಟ್ಟಡದ ಮುಂದೆ, ಹೋಗುಬರುವವರ ನಡುವೆ, ಒಬ್ಬ ತರುಣ ತನ್ನ ಗೆಳತಿಗೆ ಮುತ್ತು ಕೊಡುತ್ತಿದ್ದಾನೆ. ‘ಲೈಫ್’ ಪತ್ರಿಕೆಯಲ್ಲಿ ಅಚ್ಚಾಗಿ, ಎಂಬತ್ತರ ದಶಕದಲ್ಲಿ ಪೋಸ್ಟರ್ ಆಗಿ ಲಕ್ಷಗಟ್ಟಲೆ ಮಾರಿಹೋಯಿತು. ಆ ಜೋಡಿ ನಾವೇ ಎಂದು ಗಂಡ ಹೆಂಡತಿಯಿಬ್ಬರು ಕೋರ್ಟಿಗೆ ಹೋದಾಗ, 1993ರಲ್ಲಿ, ದ್ವಾನೋ ನಿಜ ಹೇಳಬೇಕಾಯಿತು: ಅವರಿಬ್ಬರೂ ನಟನೆ ಕಲಿಯುತ್ತಿದ್ದವರು, ನಾನೇ ಕೇಳಿ ಮುತ್ತು ಕೊಡಿಸಿದ್ದು ಎಂದು. ಆ ಇಬ್ಬರೂ ಆಗ ನಿಜವಾಗಿಯೂ ಪ್ರೇಮಿಗಳೇ ಆಗಿದ್ದರು. ಪ್ರೇಮ ಸುಳ್ಳಲ್ಲ, ಮುತ್ತೂ ಸುಳ್ಳಲ್ಲ. ಆದರೂ ಚಿತ್ರವನ್ನು ಗೋಡೆಗೆ ಹಾಕಿಕೊಂಡಿದ್ದ ಎಷ್ಟೋ ಮಂದಿಗೆ ಮೋಸವಾದಂತೆ ಅನಿಸಿತು. ‘ನಾನು ಹೇಳಿ ಮಾಡಿಸಿದ್ದು’ ಎಂದು ಮೊದಲ ದಿನವೇ ಒಂದು ಸಾಲು ಕೆಳಗೆ ಬರೆದಿದ್ದರೆ ಯಾರೂ ಕೋರ್ಟು ಹತ್ತುತ್ತಿರಲಿಲ್ಲ. ಅಷ್ಟು ಪೋಸ್ಟರ್ ಮಾರಾಟವೂ ಆಗುತ್ತಿರಲಿಲ್ಲ, ಅದು ಬೇರೆ ಮಾತು.

ನಮ್ಮ ಕಡೆಯ ಚರಿತ್ರೆ ಬೇರೆ ದಾರಿಯಲ್ಲಿ ನಡೆದು ಬಂದಿದೆ. ಕಲಬುರಗಿ 1948ರವರೆಗೆ ನಿಜಾಮರ ಸಂಸ್ಥಾನದಲ್ಲಿತ್ತು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕ ರಾಜಾ ದೀನ್ ದಯಾಳ್ (1844–1905) ಗಾಜಿನ ಪ್ಲೇಟು, ಮುಕ್ಕಾಲಿಯ ಮೇಲಿನ ದೊಡ್ಡ ಪೆಟ್ಟಿಗೆ ಹೊತ್ತು ಕೆಲಸ ಮಾಡಿದವರು. ಆ ಪೆಟ್ಟಿಗೆಯ ಮುಂದೆ ನವಾಬನೂ ಅಲುಗದೆ ನಿಲ್ಲಬೇಕು, ಸಿಪಾಯಿಯೂ ನಿಲ್ಲಬೇಕು. ಆಮೇಲೆ ಸ್ಟುಡಿಯೊ ಬಂತು. ಪರದೆ, ಕುರ್ಚಿ, ಹೂದಾನಿ. ಜಾತ್ರೆಗೆ, ಉರುಸಿಗೆ ಹೋದರೆ ತಾಜಮಹಲಿನ ಪರದೆ ಮುಂದೆ ನಿಂತು ಒಂದು ಪ್ರತಿ ಮನೆಗೆ ತರುವುದು. ಫೋಟೋ ಎಂದರೆ ನಮ್ಮಲ್ಲಿ ಮೊದಲಿನಿಂದಲೂ ತೆಗೆಸಿಕೊಳ್ಳುವುದು; ಗೊತ್ತಿಲ್ಲದಾಗ ಯಾರೋ ತೆಗೆದುಕೊಂಡು ಹೋಗುವುದು ಇತ್ತೀಚಿನದು. ಇದೇ ಊರಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು (1916–1993) ಮುಂಬಯಿಗೆ ಹೋಗಿ ಸಿನಿಮಾ ಚಿತ್ರಫಲಕ, ಕ್ಯಾಲೆಂಡರುಗಳಿಂದ ದೇಶಕ್ಕೆಲ್ಲ ಪರಿಚಯವಾದರು. ನಮ್ಮ ಮನೆ ಗೋಡೆಗಳ ಮೇಲಿನ ಕ್ಯಾಲೆಂಡರ್ ದೇವರುಗಳು ಹೆಚ್ಚಾಗಿ ನಮ್ಮನ್ನೇ ನೋಡುತ್ತಿರುತ್ತಾರೆ. ದರ್ಶನ ಎಂದರೆ ನಾವು ನೋಡುವುದಷ್ಟೇ ಅಲ್ಲ, ದೇವರೂ ನಮ್ಮನ್ನು ನೋಡಬೇಕು. ಹೀಗೆ ಬೆಳೆದ ಜನ ಲೆನ್ಸಿಗೆ ಬೆನ್ನು ಕೊಟ್ಟು ಕೂರಲಿ ಎಂದು ಬಯಸುವುದು ತೆಗೆಯುವವನ ಹಟವೇ ಹೊರತು ಬೀದಿಯ ಗುಣವಲ್ಲ.

ಯಾರೂ ನಮ್ಮ ಕಡೆ ನೋಡದ ಜಾಗವೇ ಬೇಕೆಂದರೆ ಅದೂ ಇದೆ. ಹೋಳಿ ಮುಗಿದ ಐದನೆಯ ದಿನ ಶರಣಬಸವೇಶ್ವರರ ತೇರು ಎಳೆಯುವ ಹೊತ್ತಿಗೆ ಸಾವಿರಾರು ಕಣ್ಣು ಕಳಸದ ಮೇಲೆ. ಖ್ವಾಜಾ ಬಂದೇನವಾಜರ ಉರುಸಿನ ಸಂದಲ್ ಮೆರವಣಿಗೆ ಮಹಬೂಬ್ ಗುಲ್ಶನ್ ತೋಟದಿಂದ ಹೊರಟು ದರ್ಗಾದ ಕಡೆ ಸಾಗುವಾಗಲೂ ಹಾಗೆಯೇ. ಅಲ್ಲಿ ಸಹಜ ಚಿತ್ರ ಸುಲಭವಾಗಿ ಸಿಗುತ್ತದೆ, ಸುಲಭವಾಗಿ ಸಿಗುವುದರಿಂದಲೇ ಎಲ್ಲರ ಚಿತ್ರವೂ ಒಂದೇ ಥರ ಇರುತ್ತದೆ: ಎತ್ತಿದ ಕೈ, ಹಾರುವ ಉತ್ತತ್ತಿ, ಹಿನ್ನೆಲೆಯಲ್ಲಿ ಗೋಪುರ. ಈಗೀಗ ಎತ್ತಿದ ಕೈಗಳಲ್ಲಿ ಅರ್ಧಕ್ಕರ್ಧ ಮೊಬೈಲ್ ಹಿಡಿದವು. ಮೊಬೈಲು ಕಾಣದ ಹಾಗೆ ಚೌಕಟ್ಟು ಕಟ್ಟಿ ‘ಶತಮಾನಗಳ ಪರಂಪರೆ’ ಎಂದು ಕೆಳಗೆ ಬರೆಯುವವರನ್ನು ಕಂಡಿದ್ದೇನೆ. ಅಲ್ಲಿ ಯಾರೂ ಪೋಜು ಕೊಟ್ಟಿಲ್ಲ, ಯಾರಿಗೂ ಹೇಳಿ ಮಾಡಿಸಿಲ್ಲ. ಆದರೂ ಅದು ನಿಜವಲ್ಲ.

ನನಗೆ ಹೆಚ್ಚು ಪಾಠ ಕಲಿಸಿದ್ದು ನಮ್ಮೂರಿನ ಧಾನ್ಯದ ಪೇಟೆ, ನೆಹರು ಗಂಜ್. ಡಿಸೆಂಬರ್ ದಾಟಿದರೆ ಅಲ್ಲಿ ತೊಗರಿಯ ಆವಕ ಏರುತ್ತದೆ. 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದ್ದು ಇದೇ ಸೀಮೆಯ ತೊಗರಿಗೆ. ಹೊತ್ತೇರುವ ಮುಂಚೆ, ಧೂಳಿನ ಮೇಲೆ ಬಿಸಿಲು ಅಡ್ಡಡ್ಡ ಬೀಳುವಾಗ, ಹಮಾಲರು ಕೊಕ್ಕೆ ಹಾಕಿ ಚೀಲ ಎಳೆದು ಬೆನ್ನಿಗೆ ಏರಿಸುವುದನ್ನು ತೆಗೆಯಲು ಹವ್ಯಾಸಿಗಳ ಗುಂಪು ಬರುತ್ತದೆ. ಅಂಥ ಒಂದು ಬೆಳಿಗ್ಗೆ ಕಂಡದ್ದನ್ನು ಹೇಳುತ್ತೇನೆ. ಚೀಲ ಹೊತ್ತ ಹಮಾಲರೊಬ್ಬರು ಅಡತಿ ಅಂಗಡಿಯ ಒಳಗೆ ಹೋಗುವವರಿದ್ದರು. ಒಬ್ಬ ತರುಣ ಓಡಿಬಂದು “ಕಾಕಾ, ಇನ್ನೊಮ್ಮೆ ಅಲ್ಲಿಂದ ಬರ್ರಿ, ಬೆಳಕು ಚಲೋ ಅದ” ಎಂದ. ಬೆನ್ನ ಮೇಲೆ ಐವತ್ತು ಕಿಲೋ ಇರುವ ಮನುಷ್ಯ! ಅವರು ಸಿಟ್ಟಾಗಲಿಲ್ಲ. ನಿಂತಲ್ಲೇ ಅರ್ಧ ತಿರುಗಿ, ಚೀಲದ ಕೆಳಗಿನಿಂದ ಮುಖವನ್ನಷ್ಟೇ ಮೇಲೆತ್ತಿ, “ಬೆಳಕ್ ಚಲೋ ಅದ, ಚೀಲ ನೀ ಹೊರ್ತೀ ಏನಪ?” ಎಂದು ಕೇಳಿದರು. ಸುತ್ತ ಇದ್ದವರೆಲ್ಲ ನಕ್ಕರು. ಆ ಗುಂಪಿನಲ್ಲಿದ್ದ ಒಬ್ಬ ಹುಡುಗಿ ಮಾತ್ರ ಆ ಕ್ಷಣಕ್ಕೆ ಒತ್ತಿದಳು. ಆ ಚಿತ್ರದಲ್ಲಿ ಹಮಾಲರು ನೇರ ಕ್ಯಾಮೆರಾದ ಕಡೆ ನೋಡುತ್ತಿದ್ದಾರೆ, ತುಟಿಯ ಒಂದು ಕೊನೆ ಮೇಲೇರಿದೆ, ಕುತ್ತಿಗೆಯ ನರ ಬಿಗಿದಿದೆ, ಹಿಂದೆ ಆ ತರುಣನ ಪೆಚ್ಚು ಮೋರೆಯ ಅರ್ಧ ಭಾಗವೂ ಬಂದಿದೆ. ಗಂಜಿನ ಬಗ್ಗೆ ನಾನು ನೋಡಿದ ಚಿತ್ರಗಳಲ್ಲಿ ಇದಕ್ಕಿಂತ ನಿಜವಾದದ್ದು ಇನ್ನೊಂದಿಲ್ಲ. ಸ್ಪರ್ಧೆಗೆ ಕಳಿಸಿದಾಗ ತೀರ್ಪುಗಾರರೊಬ್ಬರು ‘ವ್ಯಕ್ತಿಗೆ ಕ್ಯಾಮೆರಾದ ಅರಿವಿದೆ’ ಎಂದು ಬದಿಗಿಟ್ಟರಂತೆ.

ಸ್ಪರ್ಧೆಗಳ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಕರ್ನಾಟಕದಲ್ಲಿ ಫೋಟೋ ಕ್ಲಬ್ಬುಗಳ ಪರಂಪರೆ ದೊಡ್ಡದು. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಿಂದ ಇದೆ. ಅಂತರರಾಷ್ಟ್ರೀಯ ಸಲೋನುಗಳ, ಅಂದರೆ ಸ್ಪರ್ಧಾ ಪ್ರದರ್ಶನಗಳ, ನಿಯಮಗಳಲ್ಲಿ ಪ್ರವಾಸ ಮತ್ತು ಸುದ್ದಿ ವಿಭಾಗಗಳಿಗೆ ಫೋಟೋಕ್ಕೆಂದೇ ಏರ್ಪಡಿಸಿದ ದೃಶ್ಯ, ಬಾಡಿಗೆಗೆ ತಂದ ಜನ ನಿಷಿದ್ಧ ಎಂದು ಸ್ಪಷ್ಟವಾಗಿಯೇ ಇದೆ. ಹಾಗಿದ್ದೂ ಕುರಿಮಂದೆಯನ್ನು ದುಡ್ಡು ಕೊಟ್ಟು ಬೆಳಗಿನ ಧೂಳಿನಲ್ಲಿ ಹಿಂದೆ ಮುಂದೆ ಓಡಿಸುವುದು, ಅಜ್ಜನ ಕೈಗೆ ಚಿಲುಮೆ ಕೊಟ್ಟು ಹೊಗೆ ಬಿಡಿಸುವುದು ನಿಂತಿಲ್ಲ ಎಂದು ಈ ಸಭೆಯಲ್ಲಿರುವ ಅರ್ಧದಷ್ಟು ಜನರಿಗೆ ಗೊತ್ತು. ಮಾಡಿಸುವುದಕ್ಕೆ ನನ್ನ ವಿರೋಧವಿಲ್ಲ, ಸಿನಿಮಾದವರೂ ಮಾಡಿಸುತ್ತಾರೆ. ಮಾಡಿಸಿದ್ದನ್ನು ಸಿಕ್ಕಿದ್ದು ಎಂದು ಹೇಳಬೇಡಿ ಎನ್ನುತ್ತೇನೆ.

ಈಗ ಕಷ್ಟದ ಉದಾಹರಣೆಗೆ ಬರುತ್ತೇನೆ. 2019ರ ಡಿಸೆಂಬರ್ 26ರಂದು ಕಂಕಣ ಸೂರ್ಯಗ್ರಹಣ. ಕಾಸರಗೋಡು, ಮಂಗಳೂರು, ಕೊಡಗಿನ ಕಡೆ ಉಂಗುರ ಕಂಡಿತು, ನಮ್ಮಲ್ಲಿ ಭಾಗಶಃ. ಆ ಬೆಳಿಗ್ಗೆ ನಗರದ ಹೊರವಲಯದ ತಾಜಸುಲ್ತಾನಪುರದಲ್ಲಿ, ಅಂಗವೈಕಲ್ಯ ವಾಸಿಯಾಗುತ್ತದೆ ಎಂಬ ನಂಬಿಕೆಯಿಂದ ತಂದೆತಾಯಿಗಳು ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದರು. ಚಿತ್ರಗಳು ಬೇಗನೆ ಟಿ.ವಿ.ಗೆ, ದೇಶದ ಆಚೆಗೂ ಹೋದವು. ಕಲಬುರಗಿಯ ಹೆಸರು ಜಗತ್ತಿಗೆ ಅಷ್ಟು ಬೇಗ ತಲುಪಿದ್ದು ಬಹುಮನಿ ಕೋಟೆಯಿಂದಲ್ಲ, ಮಣ್ಣಿನಿಂದ ಮೇಲೆ ಕಾಣುತ್ತಿದ್ದ ಆ ಪುಟ್ಟ ತಲೆಗಳಿಂದ.

ಬೀದಿ ಛಾಯಾಗ್ರಹಣದ ಪುಸ್ತಕಗಳ ಲೆಕ್ಕದಲ್ಲಿ ಇವು ಅಪ್ಪಟ ಚಿತ್ರಗಳು. ಛಾಯಾಗ್ರಾಹಕ ಏನನ್ನೂ ಮಾಡಿಸಿಲ್ಲ. ಕಂಡದ್ದು ನಡೆದದ್ದೇ. ಬಣ್ಣ ತಿದ್ದಿಲ್ಲ. ಆದರೆ ಆ ಮಕ್ಕಳ ಕಡೆಯಿಂದ ಸ್ವಲ್ಪ ಯೋಚಿಸಿ. ಗಂಜಿನ ಹಮಾಲರು ಬೆನ್ನ ಮೇಲೆ ಚೀಲ ಇಟ್ಟುಕೊಂಡೇ ತರುಣನಿಗೆ ಉತ್ತರ ಕೊಟ್ಟರು. ಈ ಮಗು ಮುಖ ತಿರುಗಿಸಿಕೊಂಡು ಎದ್ದು ಹೋಗುವ ಹಾಗಿರಲಿಲ್ಲ, ಕೈ ಅಡ್ಡ ಹಿಡಿಯುವ ಹಾಗೂ ಇರಲಿಲ್ಲ, ಕೈ ಮಣ್ಣಿನೊಳಗಿತ್ತು. ಅಲ್ಲಿ ಸಹಜತೆ ಎನ್ನುವುದು ಮಗುವಿನ ಅಸಹಾಯಕತೆಯಿಂದ ಸಿಕ್ಕದ್ದು.

ಹಾಗಾದರೆ ತೆಗೆಯಬಾರದಿತ್ತೆ? ತೆಗೆಯಲೇಬೇಕಿತ್ತು. ಮೌಢ್ಯ ನಿಷೇಧದ ಕಾಯಿದೆಯನ್ನು ರಾಜ್ಯದ ಶಾಸನಸಭೆ 2017ರಲ್ಲೇ ಒಪ್ಪಿತ್ತು. ಅದು ಜಾರಿಗೆ ಬಂದದ್ದು 2020ರ ಜನವರಿ ಮೊದಲ ವಾರದಲ್ಲಿ, ಗ್ರಹಣ ಕಳೆದು ಹತ್ತು ದಿನದೊಳಗೆ. ಚಿತ್ರದಿಂದಲೇ ಕಾಯಿದೆ ಬಂತು ಎಂದು ನಾನು ಹೇಳುವುದಿಲ್ಲ. ಆದರೆ ಅಂಥ ಕಾಯಿದೆ ಯಾಕೆ ಬೇಕು ಎಂದು ಕೇಳುವವರಿಗೆ ಅದಕ್ಕಿಂತ ದೊಡ್ಡ ಉತ್ತರ ಇರಲಿಲ್ಲ. ನನ್ನ ತಕರಾರು ಮುಖಗಳ ಬಗ್ಗೆ. ರಕ್ಷಣೆ ಬೇಕಾದ ಮಗುವಿನ ಗುರುತು ಹೊರಗೆ ಬೀಳಬಾರದು ಎಂದು 2015ರ ಬಾಲನ್ಯಾಯ ಕಾಯಿದೆಯ 74ನೆಯ ಕಲಂ ಹೇಳುತ್ತದೆ. ಕಾನೂನು ಬದಿಗಿರಲಿ, ಬೆನ್ನ ಹಿಂದಿನಿಂದ, ಮಣ್ಣು ಎಳೆಯುತ್ತಿದ್ದ ತಾಯಿಯ ಕೈಗಳಿಂದ, ಪಕ್ಕದಲ್ಲಿ ಬಿಟ್ಟ ಚಿಕ್ಕ ಚಪ್ಪಲಿಗಳಿಂದ ಅಷ್ಟೇ ಖಚಿತವಾಗಿ ಈ ಸಂಗತಿ ಹೇಳಬಹುದಿತ್ತು.

1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ರಘು ರಾಯ್ ಮತ್ತು ಪಾಬ್ಲೊ ಬಾರ್ಥೊಲೊಮಿಯೊ ಇಬ್ಬರೂ ಬೇರೆ ಬೇರೆಯಾಗಿ ತೆಗೆದ ಚಿತ್ರ ನಿಮಗೆ ನೆನಪಿರಬೇಕು: ಮಣ್ಣು ಮುಚ್ಚುವ ಮುಂಚಿನ ಮಗುವಿನ ಮುಖ. ಆ ಮಗು ಯಾರೆಂದು ಕೊನೆಗೂ ತಿಳಿಯಲಿಲ್ಲ. ಅನಿಲ ದುರಂತಕ್ಕೆ ಆ ಮುಖವೇ ಸಾಕ್ಷಿಯಾಗಿ ನಿಂತಿತು, ನಿಲ್ಲಬೇಕಿತ್ತು. ತಾಜಸುಲ್ತಾನಪುರದ ನಮ್ಮ ಮಕ್ಕಳು ಬದುಕಿರುವವರು. ನಾಳೆ ಯಾರೋ ಶಾಲೆಯಲ್ಲಿ ಮೊಬೈಲ್ ತೆರೆದು “ಇದು ನೀನಲ್ಲೇನೋ” ಎಂದು ತೋರಿಸುತ್ತಾರೆ. ಸತ್ತವರ ಮುಖಕ್ಕೂ ಬೆಳೆಯುತ್ತಿರುವವರ ಮುಖಕ್ಕೂ ಒಂದೇ ನಿಯಮ ಹಾಕಲು ಬರುವುದಿಲ್ಲ. ಇನ್ನೊಂದು ಸಂಗತಿ: ಚಿತ್ರಗಳ ಕೆಳಗೆ ಎಲ್ಲರೂ ‘ಮೌಢ್ಯ’ ಎಂದು ಬರೆದರು, ಸರಿ. ಆ ತಾಯಿ ಗುಂಡಿಯ ಹತ್ತಿರ ಬರುವ ಮುಂಚೆ ಯಾವ ಯಾವ ಬಾಗಿಲು ತಟ್ಟಿದ್ದಳು ಎಂದು ಎಷ್ಟು ಜನ ಕೇಳಿದರು? ಕೇಳಿ ಬರೆದಿದ್ದರೆ ಅದೇ ಚಿತ್ರಕ್ಕೆ ಇನ್ನೊಂದು ಅರ್ಥವೂ ಸೇರುತ್ತಿತ್ತು.

ಇಲ್ಲಿ ನನಗೆ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ನೆನಪಾಗುತ್ತಾರೆ. ಮೈಸೂರಿನವರು, 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡರು. 1977ರಲ್ಲಿ ಪದ್ಮಶ್ರೀ ಬಂತು. ಸಿಡುಬು ನಿರ್ಮೂಲನದ ಕಾಲದಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಊರೂರು ಸುತ್ತಿದರು, ಯುನಿಸೆಫ್‌ಗಾಗಿ ಮಕ್ಕಳ ಚಿತ್ರ ತೆಗೆದರು. ಕನ್ನಡದಲ್ಲಿ ‘ಕಾಲಕ್ಕೆ ಕನ್ನಡಿ’ ಎಂದು ತಮ್ಮ ನೆನಪುಗಳನ್ನೂ ಬರೆದರು. ರಾಜಕಾರಣಿಗಳನ್ನೂ ಯುದ್ಧವನ್ನೂ ತೆಗೆದವರೇ, ಆದರೆ ಉಳಿದುಕೊಂಡದ್ದು ಶಾಲೆಯ ಮಕ್ಕಳು, ತಾಯಂದಿರು, ದಾರಿಹೋಕರು. ಆ ಮಕ್ಕಳು ಕೆಲವೊಮ್ಮೆ ಅವರನ್ನು ನೋಡುತ್ತವೆ, ಕೆಲವೊಮ್ಮೆ ಮರೆತಿರುತ್ತವೆ. ನೋಡಿದಾಗಲೂ ಹೆದರಿ ನೋಡಿದ್ದಲ್ಲ. ಕ್ಯಾಮೆರಾ ಅಡಗಿಸಿ ಸಿಗುವ ಮುಖ ಅದಲ್ಲ, ಹೊತ್ತು ಕೊಟ್ಟು ಕೂತವನಿಗೆ ಸಿಗುವ ಮುಖ. ಬೀದಿಯಲ್ಲಿ ಎರಡು ಸೆಕೆಂಡಿನಲ್ಲಿ ಕದ್ದು ಓಡುವವರಿಗೆ ಸಹಜತೆ ಸಿಗುತ್ತದೆ ಎಂಬುದು ನಾವೇ ಹಬ್ಬಿಸಿಕೊಂಡ ಗಾಳಿಸುದ್ದಿ. ಕದ್ದವರಿಗೆ ಹೆಚ್ಚಾಗಿ ಸಿಗುವುದು ಜನರ ಬೆನ್ನು.

ಇದಕ್ಕೆ ಇನ್ನೊಂದು ಉದಾಹರಣೆ ನೋಡಲು ಕಮಲಾಪುರಕ್ಕೆ ಹೋಗೋಣ. ಹುಮನಾಬಾದ್ ರಸ್ತೆಯಲ್ಲಿ ಇಲ್ಲಿಂದ ಸುಮಾರು 35–40 ಕಿ.ಮೀ. ಕೆಲವೇ ವರ್ಷಗಳ ಹಿಂದೆ ತಾಲ್ಲೂಕಾದ ಊರು. ಹೆದ್ದಾರಿಯ ಪಕ್ಕದಲ್ಲಿ ಕೆಂಬಾಳೆಯ ಗೊನೆಗಳನ್ನು ಇಟ್ಟುಕೊಂಡು ಮಾರುತ್ತಾರೆ. ಬೀದರಿಗೆ ಹೋಗುವ ಕಾರುಗಳು ನಿಲ್ಲುತ್ತವೆ, ಮೊದಲು ಇಳಿಯುವುದು ಮೊಬೈಲು. ಮಾರುವ ಹೆಣ್ಣುಮಗಳು ನೇರವಾಗಿಯೇ ಹೇಳುತ್ತಾಳೆ: “ಫೋಟೋ ಬೇಕಾದಷ್ಟ್ ಹೊಡ್ಕೋರಿ ಅಣ್ಣಾರ, ಒಂದ್ ಡಜನ್ ತಗೋರಿ ಮತ್ತ.” ಕ್ಯಾಮೆರಾ ಮೇಲೇರಿದ ಕೂಡಲೆ ಗೊನೆಯನ್ನು ತಿರುಗಿಸಿ ಕಲೆ ಇಲ್ಲದ ಮಗ್ಗುಲು ಈ ಕಡೆಗೆ ಮಾಡುತ್ತಾಳೆ, ಸೆರಗಿನಿಂದ ಒರೆಸುತ್ತಾಳೆ, ಆಮೇಲೆ ತಾನೂ ಸೆರಗು ಸರಿಮಾಡಿಕೊಂಡು ಕೂರುತ್ತಾಳೆ. ಇದು ಪೋಜೇ, ಸಂದೇಹವಿಲ್ಲ. ಗಿರಾಕಿ ಬಂದಾಗಲೆಲ್ಲ ಅವಳು ಮಾಡುವುದೂ ಇದನ್ನೇ. ಆ ಅಂಗಡಿಯ ನಿಜ ಇರುವುದೇ ಆ ತಿರುಗಿಸಿ ಇಡುವುದರಲ್ಲಿ. ಅವಳಿಗೆ ಗೊತ್ತಾಗದ ಹಾಗೆ ದೂರದಿಂದ ಉದ್ದ ಲೆನ್ಸು ಹಾಕಿ, ಗಿರಾಕಿಯಿಲ್ಲದ ನಡುಹಗಲಲ್ಲಿ ಗಲ್ಲಕ್ಕೆ ಕೈಯಿಟ್ಟು ಕೂತದ್ದನ್ನು ತೆಗೆದು ‘ಬಡತನದ ನಿಟ್ಟುಸಿರು’ ಎಂದು ಹೆಸರಿಟ್ಟ ಚಿತ್ರವೊಂದನ್ನು ಪ್ರದರ್ಶನದಲ್ಲಿ ನೋಡಿದ್ದೇನೆ. ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಜಿಲ್ಲಾಧಿಕಾರಿಯನ್ನು ಕೂರಿಸಿದರೂ ಹಾಗೆಯೇ ಗಲ್ಲಕ್ಕೆ ಕೈಯಿಡುತ್ತಾರೆ.

ಬಣ್ಣದ ವಿಷಯವೂ ಇದೆ. ಕೈಯಲ್ಲಿ ಹಿಡಿದು ನೋಡಿ: ಕೆಂಬಾಳೆಯ ಸಿಪ್ಪೆ ಕಡುಗೆಂಪು, ಅದರಲ್ಲಿ ಸ್ವಲ್ಪ ಕಂದು, ಸ್ವಲ್ಪ ನೇರಳೆಯ ನೆರಳು, ಹಣ್ಣಾಗುತ್ತ ಬಂದಂತೆ ಕಿತ್ತಳೆಯ ಕಡೆ ವಾಲುತ್ತದೆ, ಕರಿಚುಕ್ಕೆ ಏಳುತ್ತವೆ. ಒಳಗೆ ಕೆನೆಯ ಬಣ್ಣ. ಮೊಬೈಲು ತಾನಾಗಿಯೇ ಕೆಂಪನ್ನು ಒಂದಿಷ್ಟು ಏರಿಸುತ್ತದೆ, ಮೇಲೆ ನಾವು ಬೆರಳಾಡಿಸಿ ಇನ್ನಷ್ಟು ಏರಿಸುತ್ತೇವೆ. ಕೊನೆಗೆ ಜಾಲತಾಣಗಳಲ್ಲಿ ಕಾಣುವುದು ಕುಂಕುಮ ಬಳಿದಂಥ ಹಣ್ಣು. ಅದನ್ನು ನೋಡಿ ಬಂದ ಗಿರಾಕಿ “ಇದು ಅಸಲಿ ಅಲ್ಲೇನು, ಬಣ್ಣ ಕಮ್ಮಿ ಅದ” ಎಂದು ಆ ಹೆಣ್ಣುಮಗಳನ್ನೇ ಕೇಳುತ್ತಾನೆ! ಕಮಲಾಪುರದ ಕೆಂಬಾಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಬೇರೆ ಕಡೆಯ ಹಣ್ಣನ್ನು ಆ ಹೆಸರಿನಲ್ಲಿ ಮಾರಿದರೆ ತಪ್ಪು. ಹಣ್ಣಿನ ಚಿತ್ರಕ್ಕೆ ಅಂಥ ಕಾವಲು ಯಾವುದೂ ಇಲ್ಲ.

ಕಾನೂನಿನ ಬಗ್ಗೆ ಎರಡು ಮಾತು ಸಾಕು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ದಾವೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸಾರ್ವಜನಿಕ ಬೀದಿಯಲ್ಲಿ ಫೋಟೋ ತೆಗೆಯುವುದೇ ಅಪರಾಧ ಎಂದು ಇದರ ಅರ್ಥವಲ್ಲ. ಬೀದಿಗೆ ಬಂದ ಮನುಷ್ಯ ತನ್ನ ಮುಖವನ್ನು ಊರಿಗೆ ದಾನ ಮಾಡಿಬಿಟ್ಟಿದ್ದಾನೆ ಎಂದೂ ಅಲ್ಲ. ನಡುವೆ ಇರುವ ದೊಡ್ಡ ಬಯಲಿನಲ್ಲಿ ನಮ್ಮ ನಮ್ಮ ಮರ್ಯಾದೆಯೇ ಕಾನೂನು. ಒಬ್ಬರು ಬ್ಯಾಡ್ರಿ ಎಂದರೆ ಅಳಿಸಬೇಕು, ಅವರ ಎದುರಿಗೇ ಅಳಿಸಿ ತೋರಿಸಬೇಕು. ಸುಲಭದ ಕೆಲಸ, ಆದರೂ ಮಾಡುವವರು ಕಡಿಮೆ.

ಕೊನೆಯದಾಗಿ ಒಂದು ಬೇಡಿಕೆ, ಈ ಊರಿನಲ್ಲಿ ಫೋಟೋ ಸ್ಪರ್ಧೆ ನಡೆಸುವ ಎಲ್ಲರಿಗೂ, ಚಿತ್ರಕಲಾ ಕಾಲೇಜುಗಳಿಗೂ. ಪ್ರವೇಶ ಪತ್ರದಲ್ಲಿ ಕ್ಯಾಮೆರಾದ ಹೆಸರು, ಶಟರ್ ವೇಗ ಕೇಳುತ್ತೀರಿ. ಅದರ ಜೊತೆಗೆ ಇನ್ನೂ ಎರಡು ಸಾಲು ಜಾಗ ಬಿಡಿ: ಚಿತ್ರದಲ್ಲಿರುವವರಿಗೆ ಇದು ಗೊತ್ತಿತ್ತೆ, ನೀವು ಅವರಿಗೆ ಏನಾದರೂ ಮಾಡಲು ಹೇಳಿದ್ದಿರಾ? ‘ಗೊತ್ತಿತ್ತು’ ಎಂದು ಬರೆದವರ ಅಂಕ ಕಡಿಯಬೇಡಿ. ‘ಹೇಳಿದ್ದೆ’ ಎಂದವರ ಚಿತ್ರವನ್ನು ಬೇರೆ ಗೋಡೆಗೆ ಹಾಕಿ, ಅಲ್ಲೂ ಬಹುಮಾನ ಕೊಡಿ. ಹೆಸರಿನ ಜಾಗದಲ್ಲಿ ‘ನಿಟ್ಟುಸಿರು’, ‘ಮೌನ’, ‘ಬದುಕು’ ಎಂದೆಲ್ಲ ಬರೆದಿದ್ದರೆ ವಾಪಸು ಕಳಿಸಿ, ಸ್ಥಳ, ತಾರೀಖು, ನಡೆಯುತ್ತಿದ್ದ ಕೆಲಸ ಬರೆದು ತರಲು ಹೇಳಿ. ಮುಂದಿನ ವರ್ಷದಿಂದ ಅಂಥ ಒಂದು ವಿಭಾಗ ಇಡಲು ಸಂಘಟಕರು ಒಪ್ಪುವುದಾದರೆ ಮೊದಲ ವರ್ಷ ತೀರ್ಪುಗಾರನಾಗಿ ಬರಲು ನಾನು ತಯಾರಿದ್ದೇನೆ. ಗೌರವಧನ ಬೇಡ, ಗಂಜಿನ ಆ ಚಿತ್ರವನ್ನು ಮತ್ತೆ ಕಳಿಸಲು ಆ ಹುಡುಗಿಗೆ ಯಾರಾದರೂ ಹೇಳಿ.

ಪ್ರಶ್ನೆಗಳಿದ್ದರೆ ಕೇಳಿ, ಇನ್ನೂ ಹೊತ್ತಿದೆ.